ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಆಯಿಲ್ ಚೇಂಬರ್: ಸೋರದ ಹಾಗೆ ಮತ್ತೆ ಕೂರಿಸುವುದು

ಹಾಸನದಲ್ಲಿ ಅಂಬಾಸಿಡರ್ ಇಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದ ಮೆಕ್ಯಾನಿಕ್ ಮುಂದೆ ಎಂಜಿಬಿ ಎಂಬ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಒಂದನ್ನು ತಂದು ನಿಲ್ಲಿಸಿ. ಬಾನೆಟ್ ಎತ್ತಿದ ಕೂಡಲೇ ಅವರಿಗೆ ಆ ಇಂಜಿನ್ ಗುರುತು ಸಿಗುತ್ತದೆ. ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಇಂಜಿನ್, ಮತ್ತು 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ 1798 ಸಿಸಿ ಇಂಜಿನ್ ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್‌ಗೆ ಸೇರಿದವು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನ ಮೊದಲ ಇಂಜಿನ್ ಅಂತೂ ಅದೇ 1489 ಸಿಸಿ. ಟ್ರಯಂಫ್ ಸ್ಪಿಟ್‌ಫೈರ್ ಕಥೆಯೂ ಹೀಗೆಯೇ. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ 948 ಸಿಸಿ ಇಂಜಿನ್ ಮತ್ತು ಸ್ಪಿಟ್‌ಫೈರ್‌ನ 1147 ಸಿಸಿ ಇಂಜಿನ್ ಒಂದೇ ವಂಶದವು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಶೆಡ್‌ಗಳಲ್ಲಿ ಇಂಥ ಕಾರು ಇಟ್ಟುಕೊಂಡವರು ಸಣ್ಣ ಆಯಿಲ್ ಸೋರಿಕೆಗೂ ಹೆದರಿ ಕಾರನ್ನು ಲಾರಿ ಮೇಲೆ ಹಾಕಿ ಬೆಂಗಳೂರಿಗೆ ಕಳಿಸುತ್ತಾರೆ. ಅದು ಬೇಕಿಲ್ಲ. ಇಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ, ಅದರ ಅಂಚಿಗೆ ಸೋರದಂತೆ ಹೊಸ ಪ್ಯಾಕಿಂಗ್ ಪಟ್ಟಿ ಹಾಕಿ, ಮತ್ತೆ ಕೂರಿಸುವ ಕೆಲಸ ನಮ್ಮ ಊರಲ್ಲೇ ಆಗುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ, ದುಬಾರಿ ಸಾಮಾನು ಬೇಡ. ಬೇಕಾಗಿರುವುದು ತಾಳ್ಮೆ, ಮತ್ತು ಒಂದು ವಿಷಯದ ಬಗ್ಗೆ ಸರಿಯಾದ ತಿಳುವಳಿಕೆ: ಚೇಂಬರ್ ಸೋರಿಕೆ ಬೋಲ್ಟ್ ಬಿಗಿಯುವುದರಿಂದ ನಿಲ್ಲುವುದಿಲ್ಲ. ಎರಡು ಮುಖಗಳು ಸಮತಟ್ಟಾಗಿ, ಶುಚಿಯಾಗಿ ಕೂತರೆ ನಿಲ್ಲುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಚೇಂಬರ್ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ಇಂಜಿನ್ನಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸಿದ ತಗಡಿನ ತೊಟ್ಟಿ ಅದು. ಎಂಜಿಬಿಯಲ್ಲಿ ಫಿಲ್ಟರ್ ಸೇರಿ ಸುಮಾರು 4.25 ಲೀಟರ್ ಆಯಿಲ್ ಹಿಡಿಯುತ್ತದೆ. ಆಯಿಲ್ ಪಂಪ್ ಒಂದು ಜಾಲರಿಯ ಮೂಲಕ ಅಲ್ಲಿಂದ ಆಯಿಲ್ ಎಳೆದುಕೊಂಡು ಬೇರಿಂಗ್‌ಗಳಿಗೆ ತಳ್ಳುತ್ತದೆ. ಕೆಲಸ ಮುಗಿಸಿದ ಆಯಿಲ್ ತನ್ನಷ್ಟಕ್ಕೆ ಸುರಿದು ಮತ್ತೆ ಚೇಂಬರ್‌ಗೆ ಬರುತ್ತದೆ. ಬಿಸಿಯಾದ ಎಂಜಿಬಿ ಇಂಜಿನ್ ಓಡುವಾಗ ಆಯಿಲ್ ಪ್ರೆಶರ್ 50ರಿಂದ 80 ಪಿಎಸ್‌ಐ, ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ಆದರೆ ಈ ಪ್ರೆಶರ್ ಎಲ್ಲ ಪಂಪಿನಿಂದ ಬೇರಿಂಗ್‌ವರೆಗಿನ ದಾರಿಯಲ್ಲಿ ಮಾತ್ರ. ಚೇಂಬರ್‌ನಲ್ಲಿರುವ ಆಯಿಲ್ ಮೇಲೆ ಪಂಪಿನ ಒತ್ತಡ ಏನೂ ಇಲ್ಲ. ಅದು ಅಲ್ಲಿ ಸುಮ್ನೆ ನಿಂತಿರುತ್ತದೆ, ಇಲ್ಲವೇ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಇಂಜಿನ್ನಿನ ಮುಖ್ಯ ಶಾಫ್ಟ್) ತಿರುಗುವಾಗ ಎರಚಿಕೊಳ್ಳುತ್ತದೆ. ಅಂಥ ಆಯಿಲ್ ತಡೆಯಲು ಪ್ಯಾಕಿಂಗ್ ಮೇಲೆ ಭಾರಿ ಬಲ ಬೇಕಿಲ್ಲ. ಎಲ್ಲ ಕಡೆ ಒಂದೇ ಸಮನಾದ ಮೆಲ್ಲಗಿನ ಹಿಡಿತ ಸಾಕು.

ಒಂದು ಒತ್ತಡ ಮಾತ್ರ ಅಲ್ಲಿ ಇದ್ದೇ ಇರುತ್ತದೆ. ಪಿಸ್ಟನ್ ರಿಂಗ್‌ಗಳ ಪಕ್ಕದಿಂದ ತಪ್ಪಿಸಿಕೊಂಡ ಗ್ಯಾಸ್ ಕೆಳಗೆ ಕ್ರ್ಯಾಂಕ್‌ಕೇಸ್‌ಗೆ ಬರುತ್ತದೆ. ಅದು ಹೊರಗೆ ಹೋಗಲು ಬ್ರೀದರ್ ಇದೆ. ಎಂಜಿಎಯಲ್ಲಿ ಇಂಜಿನ್ ಪಕ್ಕದ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಕೆಳಕ್ಕೆ ಇಳಿಯುವ ಒಂದು ಪೈಪ್ ಆ ಕೆಲಸ ಮಾಡುತ್ತದೆ. ಮುಂದಿನ ಎಂಜಿಬಿಗಳಲ್ಲಿ ಟ್ಯಾಪೆಟ್ ಕವರ್ ಮೇಲಿನ ಡಬ್ಬಿಯಿಂದ ಹೋಸ್ ಪೈಪ್ ಕಾರ್ಬುರೇಟರ್ ಕಡೆಗೆ ಹೋಗುತ್ತದೆ. ಈ ದಾರಿ ಕಟ್ಟಿಕೊಂಡರೆ ಒಳಗಿನ ಗ್ಯಾಸ್ ಸಿಕ್ಕ ಸಿಕ್ಕ ಪ್ಯಾಕಿಂಗ್ ಮೂಲಕ ಆಯಿಲ್ ತಳ್ಳುತ್ತದೆ. ಆಗ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಸೋರಿಕೆ ನಿಲ್ಲದು. ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತ ಕಾರಿನ ಪೈಪ್‌ಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಮಲೆನಾಡಿನಲ್ಲಿ ಮಾಮೂಲಿ. ಹಾಗಾಗಿ ಚೇಂಬರ್‌ಗೆ ಕೈ ಹಾಕುವ ಮುಂಚೆ ಬ್ರೀದರ್ ಪೈಪ್ ಬಿಚ್ಚಿ, ಅದರಲ್ಲಿ ಗಾಳಿ ಆಡುತ್ತದೆಯೇ ಅಂತ ಊದಿ ನೋಡಿ.

ಇನ್ನೊಂದು ಮಾತು. ಕಾರಿನ ಕೆಳಗೆ ಆಯಿಲ್ ಬಿದ್ದಿದೆ ಅಂದ ಮಾತ್ರಕ್ಕೆ ಅದು ಚೇಂಬರ್ ಪ್ಯಾಕಿಂಗ್‌ನದೇ ಅಂತ ತೀರ್ಮಾನ ಮಾಡಬೇಡಿ. ಚೇಂಬರ್ ಎಲ್ಲಕ್ಕಿಂತ ಕೆಳಗಿದೆ. ಮೇಲೆ ಎಲ್ಲಿ ಸೋರಿದರೂ ಆಯಿಲ್ ಅಲ್ಲಿಗೇ ಇಳಿದು, ಅದರ ಅಂಚಿನಿಂದಲೇ ತೊಟ್ಟಿಕ್ಕುತ್ತದೆ. ವಾಲ್ವ್ ಕವರ್, ಎಡಬದಿಯಲ್ಲಿ ಮ್ಯಾನಿಫೋಲ್ಡ್ ಹಿಂದಿನ ಟ್ಯಾಪೆಟ್ ಕವರ್‌ಗಳು, ಮುಂದಿನ ಟೈಮಿಂಗ್ ಕವರ್‌ನ ಸೀಲ್, ಆಯಿಲ್ ಫಿಲ್ಟರ್ ಕೂರುವ ಜಾಗ, ಇವೆಲ್ಲ ಸಂಶಯದ ಪಟ್ಟಿಯಲ್ಲಿರಬೇಕು. ಕಾರು ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುವುದರಿಂದ ಮುಂದೆ ಸೋರಿದ್ದು ಹಿಂದೆ ಬಿದ್ದಂತೆ ಕಾಣುತ್ತದೆ. ಪತ್ತೆ ಹಚ್ಚುವುದು ಕಷ್ಟವೇನಲ್ಲ. ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಇಂಜಿನ್ ಹೊರಮೈ ಚೆನ್ನಾಗಿ ತೊಳೆದು, ಒಣಗಿಸಿ, ಚೇಂಬರ್ ಅಂಚಿಗೂ ಅದರ ಮೇಲಿನ, ಇಂಜಿನ್ನಿನ ಎರಕದ ದೇಹವಾದ ಬ್ಲಾಕ್‌ಗೂ ಟಾಲ್ಕಮ್ ಪೌಡರ್ ಉದುರಿಸಿ. ಇಂಜಿನ್ ಬಿಸಿಯಾಗುವವರೆಗೆ ಓಡಿಸಿ, ಟಾರ್ಚ್ ಹಿಡಿದು ಕೆಳಗಿಂದ ನೋಡಿ. ಬಿಳಿ ಪೌಡರ್ ಮೇಲೆ ಕಂದು ಗೆರೆ ಎಲ್ಲಿಂದ ಶುರುವಾಗಿದೆಯೋ ಸೋರಿಕೆ ಅಲ್ಲಿದೆ.

ಕ್ಲಚ್ ಇರುವ ಬೆಲ್ ಹೌಸಿಂಗ್ ತಳದ ಸಣ್ಣ ತೂತಿನಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಅದು ಬೇರೆಯೇ ವಿಷಯ. ಎಂಜಿಎಯಲ್ಲೂ 1964ರವರೆಗಿನ ಮೂರು ಬೇರಿಂಗ್‌ನ ಎಂಜಿಬಿಯಲ್ಲೂ ಕ್ರ್ಯಾಂಕ್‌ನ ಹಿಂತುದಿಗೆ ರಬ್ಬರ್ ಸೀಲ್ ಇಲ್ಲ. ಶಾಫ್ಟ್ ಮೇಲೆ ಕೊರೆದ ಸುರುಳಿಯಾಕಾರದ ಕಾಲುವೆ, ತಿರುಗುವಾಗ ಆಯಿಲನ್ನು ಒಳಗೆ ವಾಪಸ್ ತಳ್ಳುತ್ತದೆ. ಇಂಜಿನ್ ನಿಂತ ಮೇಲೆ ಆ ತಳ್ಳುವಿಕೆ ಇರುವುದಿಲ್ಲ. ತೋಟದ ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ಕಾರು ನಿಲ್ಲಿಸಿದರೆ ಆಯಿಲ್ ಹಿಂದಕ್ಕೆ ಸರಿದು ನಾಲ್ಕು ಹನಿ ಬೀಳುವುದು ಸಹಜ. ಅದಕ್ಕಾಗಿ ಚೇಂಬರ್ ಇಳಿಸಿದರೆ ಶ್ರಮ ವ್ಯರ್ಥ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸೋರಿಕೆ ಚೇಂಬರ್‌ನದೇ ಅಂತ ಖಾತ್ರಿ ಆದ ಮೇಲೆ ಇಳಿಸುವ ಕೆಲಸ. ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಆಯಿಲ್ ಇಳಿಸಿ, ಕೊಳೆಯೂ ಜೊತೆಗೆ ಬರುತ್ತದೆ. ಕಾರನ್ನು ಎತ್ತಿದ ಮೇಲೆ ಬರೀ ಜಾಕಿ ನಂಬಿ ಕೆಳಗೆ ಹೋಗಲೇಬೇಡಿ. ತೋಟದ ಶೆಡ್‌ಗಳಲ್ಲಿ ನೆಲ ಮಣ್ಣಿನದು, ಮಳೆಗಾಲದಲ್ಲಿ ಮೆತ್ತಗಿರುತ್ತದೆ, ಸ್ಟ್ಯಾಂಡ್‌ನ ಕಾಲು ನಿಧಾನವಾಗಿ ಒಳಗೆ ಇಳಿಯುತ್ತದೆ. ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆ ಕೆಳಗೆ ಹೋಗಿ. ಈ ಒಂದು ವಿಷಯದಲ್ಲಿ ಅವಸರಕ್ಕೆ ಜಾಗವೇ ಇಲ್ಲ.

ಬೋಲ್ಟ್‌ಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಸಡಿಲವಾಗಿ ಹಿಡಿದು ತಲೆಯ ಮೂಲೆಗಳನ್ನು ಸವೆಸುತ್ತದೆ. ಅಂಬಾಸಿಡರ್ ಕಾಲದ ಗ್ಯಾರೇಜ್‌ಗಳಲ್ಲಿ ಇಂಚಿನ ರಿಂಗ್ ಸ್ಪ್ಯಾನರ್ ಸೆಟ್ ಇನ್ನೂ ಸಿಗುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಿ. ಇಂಜಿನ್ ಕೆಳಗೆ ಅಡ್ಡಲಾಗಿರುವ ಕ್ರಾಸ್ ಮೆಂಬರ್‌ನಿಂದಾಗಿ ಕೆಲವು ಬೋಲ್ಟ್‌ಗಳಿಗೆ ಕೈ ಹೋಗುವುದು ಕಷ್ಟ. ಚೇಂಬರ್ ಹೊರಬರಲು ಜಾಗ ಸಾಲದಿದ್ದರೆ ಇಂಜಿನ್ ಮೌಂಟಿಂಗ್ ಬೋಲ್ಟ್ ತೆಗೆದು ಇಂಜಿನ್ನನ್ನು ಸ್ವಲ್ಪ ಎತ್ತಬೇಕಾಗುತ್ತದೆ. ಆಗ ಫ್ಯಾನ್ ರೇಡಿಯೇಟರ್‌ಗೆ ತಾಗದ ಹಾಗೆ, ಹೋಸ್ ಪೈಪ್‌ಗಳು ಎಳೆದುಕೊಳ್ಳದ ಹಾಗೆ ಒಬ್ಬರು ಮೇಲೆ ನಿಂತು ನೋಡುತ್ತಿರಬೇಕು. ಎಲ್ಲ ಬೋಲ್ಟ್ ತೆಗೆದರೂ ಹಳೆ ಪ್ಯಾಕಿಂಗ್ ಅಂಟಿಕೊಂಡು ಚೇಂಬರ್ ಬಿಡುವುದಿಲ್ಲ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ. ಬ್ಲಾಕ್ ಮುಖಕ್ಕೆ ಗೀರು ಬಿದ್ದರೆ ಅದೇ ಮುಂದಿನ ಸೋರಿಕೆಯ ದಾರಿ. ಮರದ ತುಂಡು ಇಟ್ಟು ಪಕ್ಕದಿಂದ ತಟ್ಟಿದರೆ ಬಿಡುತ್ತದೆ.

ಇಳಿಸಿದ ಚೇಂಬರ್ ತೊಳೆಯುವ ಮುಂಚೆ ಅದರ ತಳ ನೋಡಿ. ಇಂಜಿನ್ನಿನ ಆರೋಗ್ಯ ಇಷ್ಟು ಸ್ಪಷ್ಟವಾಗಿ ಕಾಣುವುದು ಬೇರೆಲ್ಲೂ ಇಲ್ಲ. ಹಾಲು ಬೆರೆಸಿದ ಹಾಗೆ ಬೂದು ಬಣ್ಣದ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಕಾರನ್ನು ಮಳೆಗಾಲದಲ್ಲಿ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವ ಅಭ್ಯಾಸ ಇದ್ದವರ ಚೇಂಬರ್‌ನಲ್ಲಿ ಇದು ಜಾಸ್ತಿ. ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುವುದಿಲ್ಲ. ಅದರ ಜೊತೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಗಮನ ಕೊಡಿ. ಆಯಿಲನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಅಥವಾ ತಾಮ್ರದ ಮಿಂಚು ಕಂಡರೆ ಬೇರಿಂಗ್ ಸವೆಯುತ್ತಿದೆ ಅಂತ ಅರ್ಥ. ಆಗ ಪ್ಯಾಕಿಂಗ್ ಹಾಕಿ ಮುಚ್ಚಿಬಿಡುವುದು ಸರಿಯಲ್ಲ. ಇಂಜಿನ್ ತಳ ತೆರೆದೇ ಇದೆ ಅಲ್ವಾ? ಪಿಸ್ಟನ್ನಿನ ರಾಡನ್ನು ಕ್ರ್ಯಾಂಕ್‌ಗೆ ಹಿಡಿಯುವ ಬಿಗ್ ಎಂಡ್ ಕ್ಯಾಪ್ ಒಂದನ್ನು ಬಿಚ್ಚಿ ಬೇರಿಂಗ್ ಮುಖ ನೋಡಿ ತೀರ್ಮಾನಿಸಿ. ಕ್ಯಾಪ್‌ಗಳನ್ನು ಅದಲು ಬದಲು ಮಾಡಬಾರದು, ಯಾವುದು ಎಲ್ಲಿತ್ತೋ ಅಲ್ಲಿಗೇ, ಇದ್ದ ದಿಕ್ಕಿನಲ್ಲೇ ಹೋಗಬೇಕು.

ಟ್ರಯಂಫ್ ಇದ್ದವರಿಗೆ ಇಲ್ಲಿ ಒಂದು ಎಚ್ಚರಿಕೆ. ಸ್ಪಿಟ್‌ಫೈರ್, ಜಿಟಿ6, ಟಿಆರ್6 ಇಂಜಿನ್‌ಗಳಲ್ಲಿ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯಲು ಅರ್ಧಚಂದ್ರದ ಆಕಾರದ ಥ್ರಸ್ಟ್ ವಾಷರ್‌ಗಳಿವೆ. ಅವು ತುಂಬಾ ಸವೆದಾಗ ಜಾಗ ಬಿಟ್ಟು ಚೇಂಬರ್‌ಗೆ ಬಿದ್ದುಬಿಡುತ್ತವೆ. ಆಮೇಲೆ ಪ್ರತಿ ಸಲ ಕ್ಲಚ್ ಒತ್ತಿದಾಗಲೂ ಕ್ರ್ಯಾಂಕ್ ಮುಂದಕ್ಕೆ ಸರಿದು ಬ್ಲಾಕನ್ನೇ ಉಜ್ಜುತ್ತದೆ. ಬ್ಲಾಕ್ ಹಾಳಾದರೆ ಇಂಜಿನ್ನೇ ಹೋದಂತೆ. ಚೇಂಬರ್ ಇಳಿಸುವ ಮೊದಲೇ ಒಬ್ಬರಿಗೆ ಕ್ಲಚ್ ಒತ್ತಲು ಹೇಳಿ, ನೀವು ಮುಂದಿನ ಪುಲ್ಲಿ ನೋಡಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಸರಿದರೆ ವಾಷರ್ ಬದಲಿಸುವ ಕೆಲಸವೂ ಈಗಲೇ ಆಗಬೇಕು. ಚೇಂಬರ್ ಇಳಿಸಿದ್ದಾಗ ಇಂಜಿನ್ ಹೊರತೆಗೆಯದೆ ಅದನ್ನು ಬದಲಿಸಬಹುದು.

ಈಗ ಮುಖ್ಯ ಕೆಲಸಕ್ಕೆ ಬರೋಣ. ಬಿ-ಸೀರೀಸ್ ಚೇಂಬರ್ ಒತ್ತಿ ಮಾಡಿದ ಉಕ್ಕಿನ ತಗಡು. ಸೋರಿಕೆ ನೋಡಿದ ಪ್ರತಿಯೊಬ್ಬರೂ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದಿರುತ್ತಾರೆ. ಹಾಗೆ ಬಿಗಿದಾಗ ಏನಾಗುತ್ತದೆ ನೋಡಿ. ಬೋಲ್ಟ್ ತೂತಿನ ಸುತ್ತಲಿನ ತಗಡು ಬ್ಲಾಕ್ ಕಡೆಗೆ ಎದ್ದು ಬರುತ್ತದೆ. ಎರಡು ಬೋಲ್ಟ್‌ಗಳ ನಡುವಿನ ಭಾಗ ಕೆಳಗೇ ಉಳಿಯುತ್ತದೆ. ಬೋಲ್ಟ್ ಇರುವಲ್ಲಿ ಪ್ಯಾಕಿಂಗ್ ಜಜ್ಜಿ ಹೋಗಿರುತ್ತದೆ, ನಡುವೆ ಹಿಡಿತವೇ ಇರುವುದಿಲ್ಲ. ಆಯಿಲ್ ಆ ನಡುವಿನಿಂದ ಬರುತ್ತದೆ. ಮತ್ತೆ ಬಿಗಿದರೆ ನಡುವಿನ ಸಂದು ಇನ್ನೂ ದೊಡ್ಡದಾಗುತ್ತದೆ. ಬಿಗಿದಷ್ಟೂ ಸೋರಿಕೆ ಜಾಸ್ತಿ ಆಗುವುದು ಹೀಗೆ.

ಆಲ್ದೂರು ಕಡೆಯ ಒಂದು ತೋಟದ ಶೆಡ್‌ನಲ್ಲಿ, ಹಾಸನದಿಂದ ಬಂದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಈ ಅಂಚನ್ನು ಸರಿ ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೊದಲು ಉಕ್ಕಿನ ಸ್ಕೇಲನ್ನು ಅಂಚಿನ ಉದ್ದಕ್ಕೂ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟರು. ತೂತುಗಳ ಹತ್ತಿರ ಸ್ಕೇಲ್ ತಾಗಿತ್ತು, ನಡುವೆ ಬೆಳಕು ನುಗ್ಗುತ್ತಿತ್ತು. ಎದ್ದ ಪ್ರತಿ ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆಮೇಲೆ ಬೆಂಚ್‌ಗೆ ಬಿಗಿದ ದಪ್ಪ ಕಬ್ಬಿಣದ ಪಟ್ಟಿಯ ಮೇಲೆ ಅಂಚಿನ ಕೆಳಮುಖ ಕೂರಿಸಿ, ಪ್ಯಾಕಿಂಗ್ ಕೂರುವ ಮೇಲ್ಮುಖಕ್ಕೆ ಚಪ್ಪಟೆ ತುಂಡೊಂದನ್ನಿಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಎರಡು ಏಟು, ಸ್ಕೇಲ್, ಮತ್ತೆ ಒಂದು ಏಟು. ಬೆಳಕು ಕಾಣದಾಗುವವರೆಗೆ ಇದೇ ಕೆಲಸ. "ಪೂರ್ತಿ ಬೇಗ ಮಾಡಕ್ಕೆ ಹೋಗ್ಬಾರ್ದು ಸಾರ್, ತಗಡು ಹಿಗ್ಗಿಬಿಟ್ರೆ ಅಲೆಅಲೆಯಾಗಿ ನಿಲ್ಲುತ್ತೆ" ಅಂದರು. ಜೋರಾಗಿ ಹೊಡೆದರೆ ತಗಡು ತೆಳುವಾಗಿ ಅಗಲವಾಗುತ್ತದೆ, ಆಮೇಲೆ ಅದನ್ನು ಸಮ ಮಾಡಲು ಆಗುವುದಿಲ್ಲ. ಇಡೀ ಕೆಲಸದಲ್ಲಿ ಸೋರಿಕೆ ನಿಲ್ಲಿಸುವುದು ಈ ಒಂದು ಹಂತವೇ. ಬಹಳ ಜನ ಬಿಡುವುದೂ ಇದನ್ನೇ.

ತೋಟದ ಕಾರುಗಳಲ್ಲಿ ಚೇಂಬರ್ ತಳವನ್ನೂ ನೋಡಬೇಕು. ಜೀಪು, ಟ್ರ್ಯಾಕ್ಟರ್ ಓಡಾಡಿದ ಮಣ್ಣಿನ ದಾರಿಯಲ್ಲಿ ಎರಡು ಗಾಲಿಯ ಗುಂಡಿ, ನಡುವೆ ಎದ್ದ ದಿಬ್ಬ. ಮಳೆ ಬಿದ್ದ ಮೇಲೆ ಆ ದಿಬ್ಬದ ಮಣ್ಣು ತೊಳೆದು ಹೋಗಿ ಕಲ್ಲು ಮೇಲೆ ಬರುತ್ತದೆ. ಸ್ಪೋರ್ಟ್ಸ್ ಕಾರಿನ ತಳ ಮೊದಲೇ ತಗ್ಗು. ತಳಕ್ಕೆ ಏಟು ಬಿದ್ದು ತಗಡು ಒಳಗೆ ಹೋದರೆ ಹೊರಗಿನಿಂದ ಸಣ್ಣ ತಗ್ಗು ಅನ್ನಿಸಬಹುದು. ಆದರೆ ಒಳಗೆ ಆಯಿಲ್ ಎಳೆಯುವ ಜಾಲರಿಗೂ ತಳಕ್ಕೂ ನಡುವಿನ ಅಂತರ ಕಡಿಮೆಯಾಗಿರುತ್ತದೆ. ಪಂಪಿಗೆ ಸಾಕಷ್ಟು ಆಯಿಲ್ ಸಿಗದೆ ಹೋಗಬಹುದು. ಅಂತರ ಅಳೆಯಲು ಸುಲಭದ ಉಪಾಯ: ಮಕ್ಕಳು ಆಡುವ ಕ್ಲೇ ಒಂದು ಉಂಡೆ ಮಾಡಿ ಜಾಲರಿ ಬರುವ ಜಾಗದಲ್ಲಿ ಇಟ್ಟು, ಚೇಂಬರನ್ನು ನಾಲ್ಕು ಬೋಲ್ಟ್‌ನಲ್ಲಿ ಕೂರಿಸಿ, ಮತ್ತೆ ಇಳಿಸಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅದೇ ಅಂತರ. ಬಿಲ್ಲೆಯ ಹಾಗೆ ಚಪ್ಪಟೆಯಾಗಿದ್ದರೆ ಟಿಂಕರ್ ಹತ್ತಿರ ತಗ್ಗು ಎತ್ತಿಸಿ. ಕೆಲಸ ಮುಗಿದ ಮೇಲೆ ಕ್ಲೇಯ ಚೂರೂ ಒಳಗೆ ಉಳಿಯಬಾರದು. ಚೇಂಬರ್‌ನಲ್ಲಿ ಬೆಸುಗೆ ಹಾಕಿಸಿದ್ದರೆ ಸೀಮೆಎಣ್ಣೆ ತುಂಬಿ ಒಂದು ರಾತ್ರಿ ಇಟ್ಟು, ಹೊರಗೆ ತೇವ ಕಾಣುತ್ತದೆಯೇ ನೋಡಿ. ಆಯಿಲ್‌ಗಿಂತ ತೆಳು ಇರುವ ಸೀಮೆಎಣ್ಣೆ ಸಣ್ಣ ತೂತನ್ನೂ ತೋರಿಸಿಕೊಡುತ್ತದೆ.

ಡ್ರೈನ್ ನಟ್‌ನ ತಾಮ್ರದ ವಾಷರ್ ಗಟ್ಟಿಯಾಗಿದ್ದರೆ ಗ್ಯಾಸ್ ಒಲೆಯ ಮೇಲೆ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಹಾಗೆ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಬ್ಲಾಕ್ ಮುಖ ಶುಚಿ ಮಾಡುವಾಗ ಎದುರಾಗುವ ತೊಂದರೆ ಎಂದರೆ ಮೇಲಿನಿಂದ ಆಯಿಲ್ ಹನಿ ಬೀಳುತ್ತಲೇ ಇರುತ್ತದೆ. ಒರೆಸಿದಷ್ಟೂ ಮತ್ತೆ ಒದ್ದೆ. ಅದಕ್ಕೆ ಚೇಂಬರ್ ಇಳಿಸಿದ ದಿನವೇ ಕೂರಿಸಲು ಹೋಗದೆ, ಕೆಳಗೆ ಒಂದು ಟ್ರೇ ಇಟ್ಟು ರಾತ್ರಿ ಪೂರ್ತಿ ಬಿಡಿ. ಹಳೆ ಪ್ಯಾಕಿಂಗ್ ಚೂರುಗಳನ್ನು ಹಿತ್ತಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯಿರಿ, ಚೂರು ಒಳಗೆ ಹೋಗದಂತೆ ಬಟ್ಟೆ ಅಡ್ಡ ಹಿಡಿಯಿರಿ. ಬೋಲ್ಟ್ ತೂತುಗಳಲ್ಲಿ ಆಯಿಲ್ ಅಥವಾ ಹಳೆ ಪೇಸ್ಟ್ ನಿಂತಿದ್ದರೆ ಬೋಲ್ಟ್ ತಳಕ್ಕೆ ಮುಟ್ಟಿ ಬಿಗಿಯಾದಂತೆ ಮೋಸ ಮಾಡುತ್ತದೆ, ಅವನ್ನೂ ಶುಚಿ ಮಾಡಿ. ಕೊನೆಗೆ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಎರಡೂ ಮುಖ ಒರೆಸಿ. ಬೆರಳಿಗೆ ಜಿಡ್ಡು ಹತ್ತಬಾರದು. ಥಿನ್ನರ್ ಇರುವಾಗ ಹತ್ತಿರ ಬೆಂಕಿ, ಬೀಡಿ ಯಾವುದೂ ಬೇಡ.

ಪ್ಯಾಕಿಂಗ್ ಸಾಮಾನ್ಯವಾಗಿ ಕಾರ್ಕ್‌ನದು. ಬಿ-ಸೀರೀಸ್‌ನಲ್ಲಿ ಅದು ತುಂಡುಗಳಾಗಿ ಬರುತ್ತದೆ: ಎರಡು ಬದಿಗೆ ಎರಡು ಉದ್ದ ತುಂಡು, ಜೊತೆಗೆ ಕ್ರ್ಯಾಂಕನ್ನು ಬ್ಲಾಕ್‌ಗೆ ಹಿಡಿಯುವ ಮೇನ್ ಬೇರಿಂಗ್ ಕ್ಯಾಪ್‌ನ ಕಮಾನಿನ ಕಾಲುವೆಯಲ್ಲಿ ಕೂರುವ ಕಾರ್ಕ್ ಪಟ್ಟಿ. ಕಾರ್ಕ್ ಗಾಳಿಯ ತೇವಕ್ಕೆ ತಕ್ಕಂತೆ ಬದಲಾಗುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ದಿನಗಳಲ್ಲಿ ಕಪಾಟಿನಲ್ಲಿದ್ದ ಪ್ಯಾಕಿಂಗ್ ತೆಗೆದು ಇಟ್ಟರೆ ತೂತುಗಳು ಹೊಂದುವುದೇ ಇಲ್ಲ, ಗಿಡ್ಡವಾಗಿರುತ್ತದೆ. ಎಳೆದು ಹೊಂದಿಸಲು ಹೋದರೆ ಹರಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮತ್ತೆ ಹಿಗ್ಗಿ ಅಳತೆಗೆ ಬರುತ್ತದೆ. ಮೇಲ್ಮೈ ನೀರು ಒರೆಸಿ ಒಣಗಿದ ಮೇಲೆ ಬಳಸಿ. ಬಾಗಿಸಿದಾಗ ಬಿರುಕು ಬಿಡುವಷ್ಟು ಹಳೆಯದಾಗಿದ್ದರೆ ಅದು ನೆನೆಸಿದರೂ ಕೆಲಸಕ್ಕೆ ಬಾರದು. ರಬ್ಬರ್ ಬೆರೆತ ಕಾರ್ಕ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ, ನಮ್ಮ ಹವೆಗೆ ಅದು ಹೆಚ್ಚು ತಾಳುತ್ತದೆ.

ಪೇಸ್ಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಟ್ಯೂಬ್‌ಗಟ್ಟಲೆ ಸಿಲಿಕೋನ್ ಹಾಕಿ ಕೂರಿಸುವ ಪದ್ಧತಿ ಈ ಇಂಜಿನ್‌ಗೆ ಅಪಾಯ. ಹೊರಗೆ ಎಷ್ಟು ಉಕ್ಕಿ ಬಂದಿರುತ್ತದೆಯೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಹೊರಗಿನದನ್ನು ಒರೆಸಬಹುದು, ಒಳಗಿನದು ಬಿಸಿ ಆಯಿಲ್‌ಗೆ ಸಿಕ್ಕಿ ಕಿತ್ತು ಬರುತ್ತದೆ, ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಪಂಪಿಗೆ ಆಯಿಲ್ ದಾರಿ ಮುಚ್ಚಿದರೆ ಬೇರಿಂಗ್ ಹೋಗಲು ಹೆಚ್ಚು ಹೊತ್ತು ಬೇಡ. ಕಾರ್ಕ್‌ನ ಮೇಲೆ ದಪ್ಪ ಸಿಲಿಕೋನ್ ಹಾಕಿದರೆ ಇನ್ನೊಂದು ತೊಂದರೆಯೂ ಇದೆ. ಬಿಗಿಯುವಾಗ ಕಾರ್ಕ್ ಜಾರಿ ಹೊರಗೆ ಬಂದುಬಿಡುತ್ತದೆ. ಚೇಂಬರ್ ಕಡೆಯ ಮುಖಕ್ಕೆ ಅರಗಿನ ಅಂಟಾದ ಶೆಲ್ಯಾಕ್ ತೆಳುವಾಗಿ ಹಚ್ಚಿ, ಅಂಟಂಟಾದ ಮೇಲೆ ಕಾರ್ಕ್ ಕೂರಿಸಿ. ಬ್ಲಾಕ್ ಕಡೆಗೆ ಬರೀ ಗ್ರೀಸ್ ಸವರಿದರೆ ಸಾಕು. ಮುಂದೆ ಎಂದಾದರೂ ಇಳಿಸುವಾಗ ಪ್ಯಾಕಿಂಗ್ ಚೇಂಬರ್ ಜೊತೆಗೇ ಬರುತ್ತದೆ, ಕಾರಿನ ಕೆಳಗೆ ಮಲಗಿ ಬ್ಲಾಕ್ ಕೆರೆಯುವ ಕಷ್ಟ ತಪ್ಪುತ್ತದೆ.

ಸಿಲಿಕೋನ್‌ಗೆ ಒಂದೇ ಜಾಗ ಇದೆ: ಬದಿಯ ತುಂಡು ಮತ್ತು ಬೇರಿಂಗ್ ಕ್ಯಾಪ್‌ನ ಪಟ್ಟಿ ಸೇರುವ ಮೂಲೆಗಳು. ಪ್ಯಾಕಿಂಗ್ ಸರಿಯಾಗಿದ್ದೂ ಸೋರುವ ಚೇಂಬರ್‌ಗಳಲ್ಲಿ ಆಯಿಲ್ ಬರುವುದು ಹೆಚ್ಚಾಗಿ ಇಲ್ಲಿಂದಲೇ. ಕಾಲುವೆಯಲ್ಲಿ ಕೂರಿಸಿದ ಪಟ್ಟಿಯ ತುದಿ ಬ್ಲಾಕ್ ಮುಖಕ್ಕಿಂತ ತುಸು ಎದ್ದು ನಿಲ್ಲಬೇಕು. ಅದನ್ನು ಅಂದಕ್ಕಾಗಿ ಸಮಕ್ಕೆ ಕತ್ತರಿಸಬಾರದು. ಚೇಂಬರ್ ಒತ್ತಿದಾಗ ಆ ಎದ್ದ ಭಾಗವೇ ಅದುಮಿಕೊಂಡು ಮೂಲೆ ಮುಚ್ಚುವುದು. ತುದಿ ಸೇರುವ ಕಡೆ ಆಯಿಲ್ ತಾಳುವ ಸಿಲಿಕೋನ್ ಪೇಸ್ಟ್ ಒಂದು ಕಡಲೆಕಾಳಿನಷ್ಟು ಇಟ್ಟರೆ ಸಾಕು.

ಮಲಗಿಕೊಂಡು ಭಾರದ ಚೇಂಬರ್ ಎತ್ತಿ, ಪ್ಯಾಕಿಂಗ್ ಕದಲದಂತೆ ತೂತು ಹೊಂದಿಸುವುದು ಒಬ್ಬರಿಗೆ ಕಷ್ಟ. ಇದಕ್ಕೆ ಹಳಬರ ಎರಡು ಉಪಾಯಗಳಿವೆ. ಒಂದು, ಅದೇ ಥ್ರೆಡ್‌ನ ಉದ್ದ ಬೋಲ್ಟ್‌ಗಳ ತಲೆ ಕತ್ತರಿಸಿ, ತುದಿಯಲ್ಲಿ ಸ್ಕ್ರೂಡ್ರೈವರ್‌ಗೆ ಸೀಳು ಮಾಡಿ, ನಾಲ್ಕು ಮೂಲೆಗೆ ಕೈಯಲ್ಲೇ ಹಾಕುವುದು. ಚೇಂಬರ್ ಅವುಗಳ ಮೇಲೆ ಜಾರಿಕೊಂಡು ನೇರವಾಗಿ ಮೇಲೆ ಹೋಗುತ್ತದೆ. ಉಳಿದ ಬೋಲ್ಟ್ ಹಾಕಿದ ಮೇಲೆ ಇವನ್ನು ತೆಗೆದರಾಯಿತು. ಇನ್ನೊಂದು, ಹೊಲಿಯುವ ನೂಲಿನಿಂದ ಅಲ್ಲಲ್ಲಿ ತೂತಿನ ಮೂಲಕ ಪ್ಯಾಕಿಂಗನ್ನು ಚೇಂಬರ್ ಅಂಚಿಗೆ ಕಟ್ಟುವುದು. ಬೋಲ್ಟ್‌ಗಳು ಹಿಡಿದ ಮೇಲೆ ನೂಲನ್ನು ಕತ್ತರಿಸಿ ಎಳೆದುಬಿಡಿ.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಲ್ಲೇ ಎರಡು ಮೂರು ಸುತ್ತು ಹಾಕಿ. ಒಂದು ಕಡೆ ಬಿಗಿದು ಇನ್ನೊಂದು ಕಡೆ ಹುಡುಕಬೇಡಿ. ಅಗಲದ ಚಪ್ಪಟೆ ವಾಷರ್‌ಗಳು ಕಳೆದುಹೋಗಿದ್ದರೆ ಹೊಸದು ತಂದೇ ಹಾಕಿ, ಬಲ ಹರಡುವುದೇ ಅವುಗಳಿಂದ. ಆಮೇಲೆ ನಡುವಿನಿಂದ ಶುರು ಮಾಡಿ, ಎಡ ಬಲ ಬದಲಿಸುತ್ತಾ ತುದಿಗಳ ಕಡೆಗೆ ಹೋಗಿ. ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ, ಇಡೀ ಸುತ್ತನ್ನು ಎರಡು ಮೂರು ಸಲ ಮಾಡಿ. ಎಂಜಿಬಿ ಚೇಂಬರ್ ಬೋಲ್ಟ್‌ಗೆ ಹೇಳಿರುವ ಬಿಗಿತ 6 ಪೌಂಡ್-ಅಡಿ, ಸುಮಾರು 8 ನ್ಯೂಟನ್ ಮೀಟರ್. ಅದೇ ಕಾರಿನ ಸಾದಾ ಗಾಲಿಯ ನಟ್‌ಗೆ 60ರಿಂದ 65 ಪೌಂಡ್-ಅಡಿ. ಅಂದರೆ ಚೇಂಬರ್ ಬೋಲ್ಟ್‌ಗೆ ಬೇಕಿರುವುದು ಗಾಲಿಯ ಹತ್ತನೇ ಒಂದು ಪಾಲು. ಉದ್ದ ಹಿಡಿಯ ಸ್ಪ್ಯಾನರ್ ಕೈಯಲ್ಲಿದ್ದರೆ ಗೊತ್ತಾಗದೆ ಇದರ ಮೂರು ಪಟ್ಟು ಹೋಗಿಬಿಡುತ್ತದೆ. ಸಣ್ಣ ಟಾರ್ಕ್ ರೆಂಚ್ ಇಲ್ಲದಿದ್ದರೆ ಗಿಡ್ಡ ಹಿಡಿಯ ಸ್ಪ್ಯಾನರ್ ಬಳಸಿ, ಕಣ್ಣು ಕಾರ್ಕ್ ಮೇಲಿರಲಿ. ಕಾರ್ಕ್‌ನ ಹೊರ ಅಂಚು ತುಸು ಉಬ್ಬಿದ್ದು ಕಂಡ ಕೂಡಲೇ ನಿಲ್ಲಿಸಿ.

ಬೇರೆ ಕಾರುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ. ಸ್ಪಿಟ್‌ಫೈರ್‌ನಲ್ಲಿ ಚೇಂಬರ್‌ನ ಮುಂತುದಿಯ ಬೋಲ್ಟ್‌ಗಳು ಅಲ್ಯೂಮಿನಿಯಂನ ಒಂದು ಸಣ್ಣ ಸೀಲಿಂಗ್ ಬ್ಲಾಕ್‌ಗೆ ಹೋಗುತ್ತವೆ. ಅದರ ಥ್ರೆಡ್ ತುಂಬಾ ಮೃದು, ಜಾಸ್ತಿ ಬಿಗಿದರೆ ಕಿತ್ತೇ ಬರುತ್ತದೆ. ಥ್ರೆಡ್ ಹೋಗಿದ್ದರೆ ಲೇತ್ ವರ್ಕ್‌ಶಾಪ್‌ನಲ್ಲಿ ಹೊಸ ಥ್ರೆಡ್ ಕೊಡುವ ತಂತಿ ಸುರುಳಿ (ಹೆಲಿಕಾಯಿಲ್) ಹಾಕಿಸಬಹುದು. 1945ರಿಂದ 1949ರವರೆಗೆ ಬಂದ ಎಂಜಿ ಟಿಸಿಯ ಚೇಂಬರ್ ಎರಕದ ಅಲ್ಯೂಮಿನಿಯಂ. ಅದು ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಟಿಸಿಯ 1250 ಸಿಸಿ ಇಂಜಿನ್ನಿನಲ್ಲಿ ಇನ್ನೊಂದು ವಿಚಿತ್ರವಿದೆ. ಬೋಲ್ಟ್ ತಲೆ ಇಂಗ್ಲಿಷರ ವಿಟ್‌ವರ್ತ್ ಅಳತೆ, ಥ್ರೆಡ್ ಮಾತ್ರ ಮೆಟ್ರಿಕ್. ಟಿಸಿಯ ಇಂಜಿನ್ ಮಾಡಿದ ಮಾರಿಸ್ ಕಂಪನಿ 1923ರಲ್ಲಿ ಕವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಚ್‌ಕಿಸ್ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಮೆಟ್ರಿಕ್ ಥ್ರೆಡ್ ಕೊರೆಯುತ್ತಿದ್ದವು, ಆ ಪದ್ಧತಿಯೇ ಮುಂದಿನ ಇಂಜಿನ್‌ಗಳಿಗೂ ಬಂತು. ಹಾಗಾಗಿ ಟಿಸಿಯ ಒಂದು ಬೋಲ್ಟ್ ಕಳೆದರೆ ಅಂಗಡಿಯಲ್ಲಿ ಸಿಕ್ಕ ಇಂಚಿನ ಬೋಲ್ಟನ್ನು ಬಲವಂತವಾಗಿ ತಿರುಗಿಸಬೇಡಿ. ಥ್ರೆಡ್ ಒಂದೇ ಸಲಕ್ಕೆ ಹಾಳಾಗುತ್ತದೆ.

ಚೇಂಬರ್ ಕೂತ ಮೇಲೆ ಶೆಲ್ಯಾಕ್, ಪೇಸ್ಟ್ ಒಣಗಲು ಒಂದು ರಾತ್ರಿ ಬಿಡಿ. ಮೌಂಟಿಂಗ್ ಬೋಲ್ಟ್ ಸಡಿಲ ಮಾಡಿದ್ದರೆ ಮರೆಯದೆ ಬಿಗಿಯಿರಿ. ಹೊಸ ಫಿಲ್ಟರ್ ಹಾಕಿ 20ಡಬ್ಲ್ಯು-50 ಆಯಿಲ್ ತುಂಬಿ, ಡಿಪ್‌ಸ್ಟಿಕ್ ನೋಡಿ. ಸ್ಟಾರ್ಟ್ ಮಾಡುವ ಮೊದಲು ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು ಸೆಲ್ಫ್‌ನಲ್ಲಿ ತಿರುಗಿಸಿ. ಕಂಪ್ರೆಷನ್ ಇಲ್ಲದೆ ಇಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗ್‌ಗಳ ಮೇಲೆ ಭಾರ ಬೀಳುವುದಿಲ್ಲ. ಆಯಿಲ್ ಗೇಜ್ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಮುಳ್ಳು ಏಳದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಜಾಲರಿ ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿರಬಹುದು. ಇಂಜಿನ್ ಪೂರ್ತಿ ಬಿಸಿಯಾಗಿ, ಮತ್ತೆ ತಣ್ಣಗಾದ ಮೇಲೆ ಒಂದು ಸಲ ಎಲ್ಲ ಬೋಲ್ಟ್‌ಗಳನ್ನು ಅದೇ ಬಿಗಿತಕ್ಕೆ ನೋಡಿ. ಕಾರ್ಕ್ ಮೊದಲ ಬಿಸಿಗೆ ಸ್ವಲ್ಪ ಕೂರುತ್ತದೆ, ಅದಕ್ಕೆ ಈ ಒಂದು ಸಲ ಬೇಕು. ಪ್ರತಿ ವಾರ ಸ್ಪ್ಯಾನರ್ ಹಿಡಿದು ಹೋಗುವುದು ಬೇಡ. ಹಾಗೆ ಮಾಡಿದರೆ ಅಷ್ಟು ಕಷ್ಟಪಟ್ಟು ಸಮ ಮಾಡಿದ ಅಂಚು ಮತ್ತೆ ತೂತಿನ ಸುತ್ತ ಏಳಲು ಶುರುವಾಗುತ್ತದೆ.

ತೋಟದ ದಾರಿಯಲ್ಲಿ ಕಾರು ಓಡಿಸುವವರು ಚೇಂಬರ್ ಕೆಳಗೆ ತಗಡಿನ ಗಾರ್ಡ್ ಮಾಡಿಸುವುದು ಒಳ್ಳೆಯದು. ಅದನ್ನು ಚೇಂಬರ್ ಬೋಲ್ಟ್‌ಗಳಿಗೆ ಸಿಕ್ಕಿಸಬೇಡಿ, ಚಾಸಿಗೆ ಹಿಡಿಯುವ ಹಾಗೆ ಮಾಡಿಸಿ. ಇಲ್ಲದಿದ್ದರೆ ಕಲ್ಲಿನ ಏಟು ನೇರ ಪ್ಯಾಕಿಂಗ್‌ಗೆ ಹೋಗುತ್ತದೆ. ಚೇಂಬರ್‌ಗೂ ಗಾರ್ಡ್‌ಗೂ ನಡುವೆ ಎರಡು ಬೆರಳು ಸಂದು ಇರಲಿ. ಚೇಂಬರ್ ತಗಡಿಗೆ ಗಾಳಿ ಬಡಿದೇ ಆಯಿಲ್ ಸ್ವಲ್ಪ ತಣ್ಣಗಾಗುವುದು, ಆ ಗಾಳಿ ನಿಲ್ಲಬಾರದು. ಡ್ರೈನ್ ನಟ್ ಎದುರಿಗೆ ಒಂದು ದೊಡ್ಡ ತೂತು ಕೊರೆಸಿ. ಆಯಿಲ್ ಬದಲಿಸಲು ಪ್ರತಿ ಸಲ ಗಾರ್ಡ್ ಬಿಚ್ಚಬೇಕಾಗುವುದಿಲ್ಲ, ಮತ್ತು ಎಲ್ಲಾದರೂ ಹನಿ ಬಿದ್ದರೆ ಗಾರ್ಡ್ ಮೇಲೆ ನಿಲ್ಲದೆ ನೆಲಕ್ಕೆ ಬಿದ್ದು ಕಣ್ಣಿಗೆ ಕಾಣುತ್ತದೆ.